'ಮದ್ವೆ ಆದ್ರೆ ಸರಿಹೋಗತ್ತೆ' ಅನ್ನದೇ ಇರೋ ಥೆರಪಿಸ್ಟ್ ಎಲ್ಲಿ ಸಿಗ್ತಾರೆ? (ಕನ್ನಡದಲ್ಲಿ ಮಾತಾಡೋರು ಬೇಕು)

ಬೆಣ್ಣೆದೋಸೆ_26:
ಎಲ್ರಿಗೂ ನಮಸ್ಕಾರ. ದಾವಣಗೆರೆ ಕಡೆಯವ್ನು, ಬೆಂಗಳೂರಲ್ಲಿ ಕೆಲ್ಸ, ಗೇ, ಮನೇಲಿ ಯಾರಿಗೂ ಗೊತ್ತಿಲ್ಲ. ಈ ವರ್ಷ ಹುಡ್ಗಿ ನೋಡೋ ಗಲಾಟೆ ಜೋರಾಗಿದೆ, ಜಾತ್ಕ ಎಲ್ಲಾ ಕಡೆ ಓಡಾಡ್ತಿದೆ, ಅಮ್ಮ ಫೋನಲ್ಲಿ ಅಳ್ತಾಳೆ, ನಂಗೆ ರಾತ್ರಿ ನಿದ್ದೆ ಇಲ್ಲ, ಎದೆ ಸುಮ್ಸುಮ್ನೆ ಡವಡವ ಅನ್ನತ್ತೆ, ಆಫೀಸಲ್ಲಿ ಲಾಗಿನ್ ಆಗಿ ಸ್ಕ್ರೀನ್ ನೋಡ್ಕೊಂಡು ಕೂತಿರ್ತೀನಿ ಅಷ್ಟೆ. ಧೈರ್ಯ ಮಾಡಿ ರೂಮ್ ಹತ್ರಾನೇ ಇರೋ ಒಬ್ರು ಕೌನ್ಸೆಲರ್ ಹತ್ರ ಹೋದೆ. ಕೆಟ್ಟವ್ರೇನಲ್ಲ, ಬೈಲೂ ಇಲ್ಲ, "ನಾನು ತುಂಬಾ ಓಪನ್ ಮೈಂಡೆಡ್" ಅಂತ ಮೊದ್ಲೇ ಹೇಳ್ಕೊಂಡ್ರು. ಆಮೇಲೆ ಶುರು ಆಯ್ತು ನೋಡಿ, ಚಿಕ್ಕೋನಿದ್ದಾಗ ಅಪ್ಪ ಜೊತೇಲಿ ಇರ್ಲಿಲ್ವಾ, ಯಾರಾದ್ರೂ ಏನಾದ್ರೂ ಮಾಡಿದ್ರಾ, ಹಾಸ್ಟೆಲಲ್ಲಿ ಇದ್ರಾ, ಇದು ಯಾವಾಗಿಂದ "ಬಂತು" ಅಂತ. ನಾನು ಹೋಗಿದ್ದು ನಿದ್ದೆ ಬರಲ್ಲ ಅಂತ! ಎದ್ದು ಬರೋವಾಗ "ಮದ್ವೆ ಬೇಡ್ವೇ ಬೇಡ ಅಂತ ಹಠ ಹಿಡೀಬೇಡಿ, ಜವಾಬ್ದಾರಿ ಬಂದ್ರೆ ಮನಸ್ಸು ಒಂದು ಹದಕ್ಕೆ ಬರತ್ತೆ" ಅಂದ್ರು.

ಇನ್ನೊಬ್ರ ಹತ್ರ ಹೋಗೋಕೆ ಈಗ ಭಯ. ಹೋಗೋಕ್ ಮುಂಚೆನೇ ಇವ್ರು ಹೇಗೆ ಅಂತ ತಿಳ್ಕೊಳೋದು ಹೆಂಗೆ? ಇಂಗ್ಲಿಷ್ ಮೀಟಿಂಗ್‌ಗೆ ಸಾಕಾಗತ್ತೆ, ಅಮ್ಮನ ವಿಷ್ಯ ಹೇಳೋಕೆ ಕನ್ನಡಾನೇ ಬೇಕು. ಕಂಪನಿಯವ್ರು ಫ್ರೀ ಕೌನ್ಸೆಲಿಂಗ್ ಕೊಟ್ಟಿದಾರೆ, ಅದ್ರಲ್ಲಿ ಮಾತಾಡಿದ್ರೆ ಎಚ್‌ಆರ್‌ಗೆ ಗೊತ್ತಾಗತ್ತಾ?

ಸಂಪಿಗೆರೋಡ್:
ಗುರು, "ಓಪನ್ ಮೈಂಡೆಡ್" ಅನ್ನೋದು ಕ್ವಾಲಿಫಿಕೇಷನ್ ಅಲ್ಲ. ಇದನ್ನ ಓದಿ ಕಲೀಬೇಕು. ಮದ್ರಾಸ್ ಹೈಕೋರ್ಟಲ್ಲಿ 2021ರಲ್ಲಿ ಪ್ರೀತಿಸಿ ಮನೆ ಬಿಟ್ಟು ಬಂದ ಇಬ್ರು ಹುಡುಗೀರ ಕೇಸ್ ಬಂದಾಗ ಜಸ್ಟಿಸ್ ಆನಂದ್ ವೆಂಕಟೇಶ್ ಅವ್ರು ನನಗೇ ಈ ವಿಷ್ಯ ಸರಿಯಾಗಿ ಅರ್ಥ ಆಗಿಲ್ಲ ಅಂತ ಒಪ್ಕೊಂಡು, ಸ್ವತಃ ಒಬ್ರು ಸೈಕಾಲಜಿಸ್ಟ್ ಹತ್ರ ಸೆಷನ್ ತಗೊಂಡು ಆಮೇಲೆ ತೀರ್ಪು ಬರೆದ್ರು. ಹೈಕೋರ್ಟ್ ಜಡ್ಜ್‌ಗೆ ಕಲಿಯೋದು ಇತ್ತು ಅಂದ್ರೆ ನಿಮ್ಮ ಏರಿಯಾ ಕೌನ್ಸೆಲರ್‌ಗೆ ಇರಲ್ವಾ.

ಅದಕ್ಕೇ ಮೊದ್ಲು ಫೋನ್ ಮಾಡಿ. ತುಂಬಾ ಜನ ದುಡ್ಡಿಲ್ದೆ ಹತ್ತು ಹದಿನೈದು ನಿಮಿಷ ಮಾತಾಡ್ತಾರೆ. ಹೆಸರು ಹೇಳೋ ಅವಶ್ಯಕತೆನೂ ಇಲ್ಲ. "ನೀವು ಗೇ ಕ್ಲೈಂಟ್ಸ್ ನೋಡ್ತೀರಾ" ಅಂತ ಕೇಳ್ಬೇಡಿ, ಅದಕ್ಕೆ ಎಲ್ರೂ ಹೂಂ ಅಂತಾರೆ. "ಕ್ವಿಯರ್ ಅಫರ್ಮೇಟಿವ್ ಟ್ರೇನಿಂಗ್ ಏನಾದ್ರೂ ಮಾಡಿದೀರಾ, ಎಲ್ಲಿ" ಅಂತ ಕೇಳಿ, ಅಂದ್ರೆ ಗೇ, ಲೆಸ್ಬಿಯನ್, ಟ್ರಾನ್ಸ್ ಆಗಿರೋದನ್ನ ತಪ್ಪು ಅನ್ಕೊಳ್ದೆ ಒಪ್ಕೊಂಡು ಕೆಲಸ ಮಾಡೋ ಟ್ರೇನಿಂಗ್. ಆಮೇಲೆ ಇದೊಂದು ಕೇಳಿ, "ಮನೆಯವ್ರು ಮದ್ವೆಗೆ ಒತ್ತಾಯ ಮಾಡ್ತಿದಾರೆ ಅಂತ ಗೇ ಹುಡುಗ ಬಂದ್ರೆ ನೀವು ಹೇಗೆ ಕೆಲಸ ಮಾಡ್ತೀರಿ". ಉತ್ತರದಲ್ಲಿ ಎರಡೂ ಕಡೆ ಬ್ಯಾಲೆನ್ಸ್, ಕಾಂಪ್ರಮೈಸ್ ಅಂತ ಬಂತೋ, ಥ್ಯಾಂಕ್ಯೂ ಹೇಳಿ ಇಟ್ಬಿಡಿ. ನಿಮ್ಮ ಸೇಫ್ಟಿ ಬಗ್ಗೆ, ಮನೆಗೆ ಹೇಳೋದು ಬಿಡೋದು ನಿಮ್ಮಿಷ್ಟ ಅನ್ನೋದ್ರ ಬಗ್ಗೆ ಮಾತು ಬಂದ್ರೆ ಮುಂದುವರೀರಿ. ಬೇಜಾರ್ ಮಾಡ್ಕೊಂಡ್ರೆ? ಮಾಡ್ಕೊಳ್ಲಿ, ಅಲ್ಲೇ ಗೊತ್ತಾಯ್ತಲ್ಲ.

ಮುಂಬೈನ ಮಾರಿವಾಲಾ ಹೆಲ್ತ್ ಇನಿಶಿಯೇಟಿವ್‌ನವ್ರು 2019ರಿಂದ ಕ್ವಿಯರ್ ಅಫರ್ಮೇಟಿವ್ ಕೌನ್ಸೆಲಿಂಗ್ ಕೋರ್ಸ್ ನಡೆಸ್ತಿದಾರೆ, ಕ್ಯುಎಸಿಪಿ ಅಂತಾರೆ, ಮಾಡಿದವ್ರು ಪ್ರೊಫೈಲಲ್ಲಿ ಹಾಕ್ಕೊಂಡಿರ್ತಾರೆ. ಟಾಟಾ ಇನ್‌ಸ್ಟಿಟ್ಯೂಟ್‌ನ ಐಕಾಲ್ ಅನ್ನೋ ಕೌನ್ಸೆಲಿಂಗ್ ಹೆಲ್ಪ್‌ಲೈನ್‌ನವ್ರದ್ದು ಜನಾನೇ ಸೇರಿ ಮಾಡಿದ ಥೆರಪಿಸ್ಟ್ ಲಿಸ್ಟ್ ಒಂದಿದೆ, ಹೋಗಿ ಬಂದವ್ರು ಹೇಳಿದ ಹೆಸರುಗಳು. ಬೆಂಗಳೂರಲ್ಲೇ ಸಂಗಮ ಅಂತ ನಮ್ಮಂಥವ್ರ ಹಕ್ಕಿಗೆ ಕೆಲಸ ಮಾಡೋ ಸಂಸ್ಥೆ ಇದೆ, 1999ರಿಂದ ಇರೋದು, ಅಂಥ ಕಡೆ ವಿಚಾರಿಸಿದ್ರೆ ಕನ್ನಡದಲ್ಲಿ ಮಾತಾಡೋರ ಹೆಸರು ಬಾಯಿಂದ ಬಾಯಿಗೆ ಸಿಗತ್ತೆ. ನಂಗೆ ನನ್ನ ಥೆರಪಿಸ್ಟ್ ಸಿಕ್ಕಿದ್ದು ಹಂಗೇ.

ಸುಮ್ನೆ_ಬಂದೆ:
ಇಷ್ಟೆಲ್ಲಾ ತಲೆಬಿಸಿ ಯಾಕೆ ಬ್ರೋ, ಕ್ಲೋಸ್ ಫ್ರೆಂಡ್ ಹತ್ರ ಮನಸ್ಸು ಬಿಚ್ಚಿ ಮಾತಾಡಿ, ಜಿಮ್‌ಗೆ ಹೋಗಿ.

ಸಂಪಿಗೆರೋಡ್:
ವಾರಗಟ್ಲೆ ನಿದ್ದೆ ಇಲ್ದೇ ಇರೋವ್ನಿಗೆ ಜಿಮ್ ಅಂತೆ. ಆ ಫ್ರೆಂಡು ಸಂಜೆ ಹೊತ್ಗೆ ಊರಿಗೆಲ್ಲಾ ಹೇಳಿದ್ರೆ?

ಫೇಡಾ_ಗಿರಾಕಿ:
ತಮ್ಮಾ, ನಾ ಧಾರವಾಡದಾಕಿ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಿ ಕೆಲಸ ಮಾಡ್ತೀನಿ. ಮೊದಲ ಯಾರು ಏನಂತ ತಿಳ್ಕೋ. ಸೈಕಿಯಾಟ್ರಿಸ್ಟ್ ಅಂದ್ರ ಡಾಕ್ಟರ್, ಗುಳಿಗಿ ಬರೀತಾರ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರ ಮಾತಿನ ಚಿಕಿತ್ಸಾ ಮಾಡಾವ್ರು, ಅವರಿಗೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇರಬೇಕು, ಆ ನಂಬರ್ ಕೇಳಿದ್ರ ಕೊಡ್ತಾರ, ಕೇಳಾಕ ನಾಚಬ್ಯಾಡ. ಆದ್ರ ಬರೇ 'ಕೌನ್ಸೆಲರ್' ಅಂತ ಬೋರ್ಡ್ ಹಾಕ್ಕೊಂಡು ಯಾರ ಬೇಕಾದ್ರೂ ಕುಂದ್ರಬಹುದು ನಮ್ಮಲ್ಲಿ. ಒಳ್ಳೇ ಕೌನ್ಸೆಲರ್ ಭಾಳ ಮಂದಿ ಅದಾರ, ನನ್ನ ಗೆಳತ್ಯಾರೂ ಅದಾರ, ಆದ್ರ ನೀ ನೋಡಿದಂಥಾವ್ರ ಮ್ಯಾಲೆ ದೂರು ಕೊಡಾಕ ಮೆಡಿಕಲ್ ಕೌನ್ಸಿಲ್‌ದಂಥಾ ಜಾಗಾ ಸಿಗೂದು ಕಷ್ಟ. ಡಾಕ್ಟರ್ ಆಗಿದ್ರ ಬ್ಯಾರೆ ಮಾತು. ಮ್ಯಾಲೆ ಹೇಳ್ಯಾರಲ್ಲ ಮದ್ರಾಸ್ ಕೇಸ್, ಅದರಿಂದನ 2022ರಾಗ ನ್ಯಾಷನಲ್ ಮೆಡಿಕಲ್ ಕಮಿಷನ್ ಕನ್ವರ್ಶನ್ ಥೆರಪಿ, ಅಂದ್ರ ಗೇ ಇದ್ದವ್ರನ್ನ 'ಸರಿ ಮಾಡ್ತೀವಿ' ಅನ್ನೂ ಚಿಕಿತ್ಸಾ, ಡಾಕ್ಟರಿಗೆ ವೃತ್ತಿ ದುರ್ನಡತೆ ಅಂತ ಹೇಳ್ತು. ಯಾವ ಡಾಕ್ಟರರ ನಿನ್ನ 'ಬದಲಿ ಮಾಡ್ತೀನಿ' ಅಂದ್ರ ಮೆಡಿಕಲ್ ಕೌನ್ಸಿಲ್‌ಗೆ ಬರೀಬಹುದು.

ಇನ್ನ ಮನಿಗೆ ಗೊತ್ತಾಗೂ ಅಂಜಿಕಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಐತಲ್ಲ, ಅದರಾಗ 18ನೇ ಕಲಂ ಲೈಂಗಿಕ ಒಲವಿನ ಮ್ಯಾಲೆ ಭೇದ ಮಾಡಬಾರದು ಅಂತ ಹೆಸರು ಹಿಡದು ಹೇಳತೈತಿ, 23ನೇ ಕಲಂ ಗೌಪ್ಯತೆದು. ನೀ ಹೇಳಿದ್ದು ನಿಮ್ಮಪ್ಪ ಬಂದು ಕೇಳಿದ್ರೂ ಹೇಳಂಗಿಲ್ಲ. ಜೀವಕ್ಕ ಅಪಾಯ ಇದ್ರ, ಕೋರ್ಟ್ ಕೇಳಿದ್ರ, ಇಂಥಾ ಕೆಲವು ಹೊತ್ತಿನಾಗ ಅಷ್ಟ ಬಾಯಿ ಬಿಡಬಹುದು. ಮೊದಲ ದಿನಾನ "ನನ್ನ ಫೈಲ್ ಯಾರ ನೋಡ್ತಾರ" ಅಂತ ಕೇಳು.

ರೊಕ್ಕದ ಚಿಂತಿ ಇದ್ರ ಬೆಂಗಳೂರಾಗ ನಿಮ್ಹಾನ್ಸ್ ಐತಿ, ನಮ್ಮ ಧಾರವಾಡದಾಗ ಡಿಮ್ಹಾನ್ಸ್ ಐತಿ, ಎರಡೂ ಸರಕಾರಿ ಮಾನಸಿಕ ಆಸ್ಪತ್ರಿ. ಪಾಳಿ ಹಚ್ಚಬೇಕು, ಯಾವ ಡಾಕ್ಟರ್ ಸಿಗ್ತಾರ ಅನ್ನೂದು ನಿನ್ನ ಕೈಯಾಗಿಲ್ಲ, ಆದ್ರ ನಿದ್ದಿ, ಎದಿ ಡವಡವ ಇವಕ್ಕೆಲ್ಲಾ ಒಮ್ಮೆ ಡಾಕ್ಟರಿಗೆ ತೋರ್ಸೂದ ಛಲೋ. ರಾತ್ರಿ ತಡಕೊಳ್ಳಾಕ ಆಗಲಾರದಂಗ ಆತು ಅಂದ್ರ ಸರಕಾರದ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಾಗ ಮಾತಾಡ್ತಾರ, ಇಡೀ ದಿನ ಇರತೈತಿ.

ಅಡಿಕೆತೋಟ:
ನಾನು ಶಿರಸಿ ಹತ್ರದವ್ಳು, ಲೆಸ್ಬಿಯನ್, ಮನೇಲೇ ಇರೋದು. ನಮ್ಮೂರಲ್ಲಿ ಡಾಕ್ಟರ ಕ್ಲಿನಿಕ್ಕಿಂದ ಹೊರಗೆ ಬರೋದ್ರೊಳಗೆ ಚಿಕ್ಕಮ್ಮಂಗೆ ಸುದ್ದಿ ಮುಟ್ಟಿರತ್ತೆ, ಹಾಗಾಗಿ ಆನ್‌ಲೈನೇ ಗತಿ. ಬೆಂಗಳೂರಿನವ್ರೊಬ್ರು, ಕನ್ನಡದವ್ರು. ವಿಡಿಯೋ ಬೇಡ, ಬರೀ ವಾಯ್ಸ್ ಅಂದೆ, ಒಪ್ಪಿದ್ರು. ಮನೇಲಿ ಗೋಡೆ ಪೂರ್ತಿ ಮೇಲ್ಗಡೆ ತನಕ ಇಲ್ಲ ನಮ್ದು, ಅದ್ಕೆ ತೋಟಕ್ಕೆ ಹೋಗಿ ಮಾತಾಡ್ತೀನಿ, ಮಳೆಗಾಲದಲ್ಲಿ ಸಿಗ್ನಲ್ಲೂ ಇಲ್ಲ ಉಂಬಳದ ಕಾಟ ಬೇರೆ 😄 ಯಾರಾದ್ರೂ ಹತ್ರ ಬಂದ್ರೆ ನಾನು "ಆಮೇಲೆ ರೇಟ್ ನೋಡಿ ಹೇಳ್ತೀನಿ" ಅಂತೀನಿ, ಅವ್ರು ಸುಮ್ನಾಗ್ತಾರೆ, ಅದು ಮೊದ್ಲೇ ಮಾತಾಡ್ಕೊಂಡಿದ್ದು. ಇಂಥದ್ದೆಲ್ಲ ಅವ್ರೇ ಕೇಳಿದ್ರು, ಎಲ್ಲಿಂದ ಮಾತಾಡ್ತಿದೀರಿ, ಪಕ್ಕದಲ್ಲಿ ಯಾರಿದಾರೆ, ಫೋನ್ ಬೇರೆಯವ್ರು ನೋಡ್ತಾರಾ ಅಂತ. ಅದು ಕೇಳಿದಾಗ್ಲೇ ನಂಗೆ ನಂಬಿಕೆ ಬಂದಿದ್ದು.

ಫೀಸ್ ಬೆಂಗಳೂರಲ್ಲಿ ಸೆಷನ್‌ಗೆ ಸಾವಿರದಿಂದ ಎರಡೂವರೆ ಸಾವಿರ ಹೇಳ್ತಾರೆ. ಸ್ಲೈಡಿಂಗ್ ಸ್ಕೇಲ್ ಇದೆಯಾ ಅಂತ ಕೇಳಿ, ಅಂದ್ರೆ ನಿಮ್ಮ ಸಂಬಳ ನೋಡಿ ಕಮ್ಮಿ ಮಾಡೋದು. ಸಂಕೋಚ ಬೇಡ. ಯುಪಿಐಲಿ ಕಳಿಸ್ತೀರಾದ್ರೆ ಮನೆಯವ್ರು ಸ್ಟೇಟ್‌ಮೆಂಟ್ ನೋಡೋ ಅಕೌಂಟಿಂದ ಕಳಿಸ್ಬೇಡಿ.

ಕಟಿಂಗ್‌ಶಾಪ್:
ಟ್ರಾನ್ಸ್ ಮ್ಯಾನ್ ಇಲ್ಲಿ, ಅಂದ್ರೆ ಹುಟ್ಟಿದಾಗ ಹುಡುಗಿ ಅಂದಿದ್ರು, ನಾನು ಗಂಡಸು. ಗೇ ವಿಷ್ಯದಲ್ಲಿ ಚೆನ್ನಾಗಿರೋ ಥೆರಪಿಸ್ಟೆಲ್ಲಾ ಟ್ರಾನ್ಸ್ ವಿಷ್ಯದಲ್ಲೂ ಚೆನ್ನಾಗಿರ್ತಾರೆ ಅಂತ ದಯವಿಟ್ಟು ಅನ್ಕೋಬೇಡಿ, ಇದನ್ನ ಓದ್ತಿರೋ ಬೇರೆಯವ್ರಿಗೆ ಹೇಳ್ತಿರೋದು. ಹಾರ್ಮೋನ್, ಸರ್ಜರಿ ಮಾಡೋ ಡಾಕ್ಟರಿಗೆ ತೋರಿಸೋಕೆ ಒಪ್ಪಿಗೆ ಲೆಟರ್ ಬೇಕು ಅಂತ ಹೋದ್ರೆ ಕೆಲವ್ರು ತಿಂಗಳುಗಟ್ಲೆ ಎಳೀತಾರೆ, ಪ್ರತಿ ಸಲ ಫೀಸ್ ಕಟ್ಟಿ, ಬಾಲ್ಯದಿಂದ ಶುರು ಮಾಡಿ ಪರೀಕ್ಷೆ ಬರೆದಂಗೆ ಉತ್ತರ ಹೇಳ್ಬೇಕು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯ ಹೊಸ ಆವೃತ್ತಿ ಐಸಿಡಿ-11ರಲ್ಲಿ ಟ್ರಾನ್ಸ್ ಆಗಿರೋದನ್ನ ಮಾನಸಿಕ ಕಾಯಿಲೆಗಳ ಪಟ್ಟಿಯಿಂದಾನೇ ತೆಗೆದಿದೆ, ಇನ್ನೂ ಹಳೇ ಪುಸ್ತಕ ಹಿಡ್ಕೊಂಡಿರೋರು ಇದಾರೆ. ಟ್ರಾನ್ಸ್ ಆರೋಗ್ಯದ ಅಂತಾರಾಷ್ಟ್ರೀಯ ತಜ್ಞರ ಸಂಘ ಡಬ್ಲ್ಯುಪಾತ್‌ನ 2022ರ ಗೈಡ್‌ಲೈನ್ ಪ್ರಕಾರ ಸರ್ಜರಿಗೂ ಒಂದೇ ಲೆಟರ್ ಸಾಕು, ನಮ್ಮಲ್ಲಿ ಎರಡು ಕೇಳೋ ಸರ್ಜನ್‌ಗಳು ಈಗ್ಲೂ ಇದಾರೆ. ಅದಕ್ಕೆ ಮೊದ್ಲು ಸರ್ಜನ್ ಹತ್ರಾನೇ ಏನೇನ್ ಬೇಕು ಕೇಳ್ಕೊಂಡು, ಥೆರಪಿಸ್ಟ್‌ಗೆ ಫೋನಲ್ಲೇ "ಲೆಟರ್ ಕೊಡ್ತೀರಾ, ಎಷ್ಟು ಸೆಷನ್ ಆಗತ್ತೆ" ಅಂತ ನೇರವಾಗಿ ಕೇಳಿ. ನಾನು ಲೆಟರ್‌ಗೆ ಒಬ್ರು, ಮನಸ್ಸಿನ ಮಾತಿಗೆ ಇನ್ನೊಬ್ರು ಅಂತ ಇಟ್ಕೊಂಡೆ, ಸಹಿ ಹಾಕೋ ಕೈ ಮುಂದೆ ಮನಸ್ಸು ಬಿಚ್ಚೋಕೆ ನನ್ನ ಕೈಲಿ ಆಗಲ್ಲ.

ಬೆಣ್ಣೆದೋಸೆ_26:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದ ಅಕ್ಕಾ, ಜೀವಕ್ಕೇನೂ ಮಾಡ್ಕೊಳಲ್ಲ, ಆದ್ರೂ ನಂಬರ್ ಸೇವ್ ಮಾಡ್ಕೊಂಡೆ. ಡಾಕ್ಟರಿಗೂ ತೋರಿಸ್ತೀನಿ. ಆ ಕಂಪನಿ ಕೌನ್ಸೆಲಿಂಗ್ ಬಗ್ಗೆ ಯಾರಿಗಾದ್ರೂ ಗೊತ್ತಾ?

ಸಂಪಿಗೆರೋಡ್:
ಸಾಮಾನ್ಯವಾಗಿ ಅದನ್ನ ನಡೆಸೋದು ಹೊರಗಿನ ಏಜೆನ್ಸಿ, ಎಚ್‌ಆರ್‌ಗೆ ಹೋಗೋದು ಈ ತಿಂಗ್ಳು ಇಷ್ಟ್ ಜನ ಬಳಸಿದ್ರು ಅನ್ನೋ ಲೆಕ್ಕ. ಆದ್ರೂ ಕಾಲ್ ಶುರುವಲ್ಲೇ "ಕಂಪನಿಗೆ ಏನೇನು ಕೊಡ್ತೀರಿ" ಅಂತ ಕೇಳಿ, ಆಫೀಸ್ ಮೇಲ್, ಆಫೀಸ್ ಲ್ಯಾಪ್‌ಟಾಪ್ ಮುಟ್ಬೇಡಿ, ಸ್ವಂತ ಫೋನಿಂದ ಮಾಡಿ. ಕೆಲವೇ ಸೆಷನ್ ಫ್ರೀ ಇರತ್ತೆ ಅಷ್ಟೆ, ಹಂಗಾಗಿ ಅದನ್ನ ನಿದ್ದೆ, ಆಫೀಸ್ ಟೆನ್ಷನ್ನಿಗೆ ಬಳಸ್ಕೊಳಿ, ಅಮ್ಮನ ವಿಷ್ಯಕ್ಕೆ ಬೇರೆಯವ್ರನ್ನ ಹುಡುಕಿ.

ಬೆಣ್ಣೆದೋಸೆ_26:
ಸರಿ. ಕ್ಯುಎಸಿಪಿ ಮಾಡಿರೋ ಇಬ್ರು ಸಿಕ್ಕಿದ್ರು, ಒಬ್ರ ಪ್ರೊಫೈಲಲ್ಲಿ ಕನ್ನಡ ಅಂತಾನೂ ಇದೆ. ಶನಿವಾರ ಫೋನ್ ಮಾಡಿ, ಆ ಮದ್ವೆ ಪ್ರಶ್ನೆ ಕೇಳಿ ಏನಂದ್ರು ಅಂತ ಇಲ್ಲೇ ಹಾಕ್ತೀನಿ. ವಿಜಯನಗರ, ಮಲ್ಲೇಶ್ವರ ಕಡೆ ನೇರವಾಗಿ ಹೋಗಿ ನೋಡೋಕಾಗೋರು ಯಾರಾದ್ರೂ ಗೊತ್ತಿದ್ರೆ ಮೆಸೇಜ್ ಮಾಡಿ, ಇಲ್ಲಿ ಹೆಸರು ಹಾಕೋದು ಬೇಡ.