‘ಎಕ್ಸ್‌ಟ್ರ್ಯಾಕ್ಟ್’ ಅಂದರೆ ಕಷಾಯವೇ?

ಪ್ರಶ್ನೆ: ಸಾಕುಮೀನಿನ ರೋಗಕ್ಕೆ ಆ್ಯಂಟಿಬಯೊಟಿಕ್ ಬದಲು ಗಿಡಮೂಲಿಕೆ ಬಳಸುವ ಬಗೆಗಿನ ಕೈಪಿಡಿಯ ಅನುವಾದ ನಡೆದಿದೆ. ‘ಪ್ಲಾಂಟ್ ಎಕ್ಸ್‌ಟ್ರ್ಯಾಕ್ಟ್’ ಬಂದಲ್ಲೆಲ್ಲ ‘ಕಷಾಯ’ ಎಂದರೆ ಆದೀತೆ? ‘ಆ್ಯಂಟಿಬ್ಯಾಕ್ಟೀರಿಯಲ್’ಗೆ ‘ಬ್ಯಾಕ್ಟೀರಿಯಾ ನಿರೋಧಕ’ ಸರಿಯೆ?

ಉತ್ತರ 1: ಆಗದು. ಕಷಾಯ ಎಂದರೆ ನೀರಲ್ಲಿ ಕುದಿಸಿ ಬತ್ತಿಸಿದ್ದು. ಆಯುರ್ವೇದದ ಒಂದು ಲೆಕ್ಕದಂತೆ ಒಂದು ಪಾಲು ಮದ್ದಿಗೆ 16 ಪಾಲು ನೀರು, ಅದು ಎಂಟನೇ ಒಂದಕ್ಕೆ ಇಳಿಯಬೇಕು. ಪದದೊಳಗೇ ಒಲೆ ಇದೆ. ಬೆಳ್ಳುಳ್ಳಿಗೆ ಅದೇ ಮುಳುವು. ಎಸಳು ಜಜ್ಜಿದಾಗ ಆಲಿನೇಸ್ ಕಿಣ್ವವು ಅದರಲ್ಲಿರುವ ಆಲಿಇನ್ ಎಂಬ ಅಂಶವನ್ನು ಆಲಿಸಿನ್ ಆಗಿ ಮಾರ್ಪಡಿಸುತ್ತದೆ. ಬ್ಯಾಕ್ಟೀರಿಯಾದ ಮೇಲೆ ಮುಖ್ಯವಾಗಿ ಕೆಲಸ ಮಾಡುವುದು ಈ ಆಲಿಸಿನ್. ಇಡೀ ಎಸಳನ್ನೇ ಕುದಿಸಿದರೆ ಕಿಣ್ವ ಕೆಟ್ಟು ಆಲಿಸಿನ್ ಹುಟ್ಟುವುದೇ ಇಲ್ಲ. ಅಲ್ಲಿ ‘ಹಸಿ ರಸ’ ಎನ್ನಿ, ಜತೆಗೆ ‘ಜಜ್ಜಿ ಹತ್ತು ನಿಮಿಷ ಬಿಟ್ಟು ಹಿಂಡಿ, ಬಿಸಿಯಿಲ್ಲದ ಮೇವಿಗೆ ಬೆರೆಸಿ’ ಎಂದು ಬಿಡಿಸಿ ಹೇಳಿ.

ಅರಿಸಿನದ್ದು ಬೇರೆ ಕಥೆ. ಅದರ ಹಳದಿ ಅಂಶವಾದ ಕರ್ಕ್ಯುಮಿನ್ ನೀರಲ್ಲಿ ಕರಗುವುದು ತೀರ ಕಡಿಮೆ, ಎಷ್ಟು ಕುದಿಸಿದರೂ ಹೆಚ್ಚಿನ ಪಾಲು ಚರಟದಲ್ಲೇ ಉಳಿಯುತ್ತದೆ. ಪುಡಿಯನ್ನು ಎಥೆನಾಲ್‌ನಲ್ಲಿ (ಒಂದು ಬಗೆಯ ಆಲ್ಕೊಹಾಲ್) ನೆನೆಸಿ, ಸೋಸಿ, ದ್ರಾವಕವನ್ನು ಆವಿಯಾಗಿಸಿದ ಮೇಲೆ ಉಳಿಯುವುದೇ ‘ಎಥೆನಾಲ್ ಸಾರ’. ದ್ರಾವಕದ ಹೆಸರಿಲ್ಲದ ಬರಿಯ ‘ಸಾರ’ ಅರ್ಧ ಮಾತು. ಎಥೆನಾಲ್ ಪೂರ್ತಿ ಹೋಗದಿದ್ದರೆ ಪರೀಕ್ಷೆಯ ತಟ್ಟೆಯಲ್ಲಿ ಅದೇ ಬ್ಯಾಕ್ಟೀರಿಯಾವನ್ನು ತಡೆದು, ಹೆಸರು ಅರಿಸಿನಕ್ಕೆ ಬರುತ್ತದೆ! ಹೋಲಿಕೆಗೆ ಬರೀ ದ್ರಾವಕ ಹಾಕಿದ ಕಾಗದದ ಬಿಲ್ಲೆಯನ್ನೂ ಇಡುವುದು ಇದಕ್ಕೇ. ಅರ್ಕವನ್ನು ಭಟ್ಟಿ ಇಳಿಸಿದ್ದಕ್ಕೆ ಮಾತ್ರ ಮೀಸಲಿಡಿ.

ಉತ್ತರ 2: ‘ನಿರೋಧಕ’ ಬೇಡವೇ ಬೇಡ. ಔಷಧಕ್ಕೆ ಜಗ್ಗದ ತಳಿಯನ್ನೂ ‘ನಿರೋಧಕ ಬ್ಯಾಕ್ಟೀರಿಯಾ’ ಎನ್ನುತ್ತೇವೆ. ಮೀನಿಗೆ ರೋಗ ತರುವ ಏರೋಮೊನಾಸ್ ಹೈಡ್ರೊಫಿಲಾ ಎಂಬ ಬ್ಯಾಕ್ಟೀರಿಯಾ ಕುರಿತ ಪುಟದಲ್ಲಿ ಇವೆರಡೂ ಅಕ್ಕಪಕ್ಕ ಬಂದರೆ ಮದ್ದು ಯಾವುದು, ರೋಗಾಣು ಯಾವುದು ಎಂದು ಓದುಗರು ತಡಕಾಡಬೇಕು. ಹಾಗೆಂದು ಎಲ್ಲದಕ್ಕೂ ‘ನಾಶಕ’ ಎಂದರೆ ಅತಿಯಾದೀತು. ಬ್ಯಾಕ್ಟೀರಿಯಾ ಇರುವ ಕೊಳವೆಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಮದ್ದು ಹಾಕಿದಾಗ, ದ್ರವ ಮಬ್ಬಾಗದೆ ತಿಳಿಯಾಗಿ ಉಳಿದ ಅತಿ ಕಡಿಮೆ ಪ್ರಮಾಣವೇ ಎಂಐಸಿ (ಮಿನಿಮಮ್ ಇನ್‌ಹಿಬಿಟರಿ ಕಾನ್ಸೆಂಟ್ರೇಶನ್). ಬೆಳವಣಿಗೆ ನಿಂತಿದೆ, ಅಷ್ಟೆ. ಜೀವ ಹೋಗಿದೆ ಎಂದಲ್ಲ. ಆ ತಿಳಿಯನ್ನೇ ಮದ್ದಿಲ್ಲದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಲೋಳೆ) ತಟ್ಟೆಗೆ ಹಚ್ಚಿ ನೋಡಬೇಕು. ಧಾರಾಳವಾಗಿ ಮತ್ತೆ ಬೆಳೆದರೆ ಆ ಪ್ರಮಾಣದಲ್ಲಿ ಅದು ‘ಬ್ಯಾಕ್ಟೀರಿಯಾ ತಡೆ’; ಮೊದಲಿದ್ದವುಗಳಲ್ಲಿ ಶೇ 99.9ರಷ್ಟು ಸತ್ತಿದ್ದರೆ ಮಾತ್ರ ‘ಬ್ಯಾಕ್ಟೀರಿಯಾ ನಾಶಕ’. ಜಗ್ಗದ ತಳಿಗೆ ‘ಮದ್ದಿಗೆ ಬಗ್ಗದ’ ಎಂದೇ ಬರೆಯಿರಿ.