ಎಕ್ಸ್‌ರೇ ತೆಗೆಸಿದ್ದಕ್ಕೆ ಬಸಿರು ತೆಗೆಸಬೇಕಾ?

ಪ್ರಶ್ನೆ (ಸಕಲೇಶಪುರದಿಂದ): ಡಾಕ್ಟ್ರೇ, ನಮ್ಮ ನಾದಿನಿಗೆ ಮೂರು ವಾರದಿಂದ ಬಿಡದ ಕೆಮ್ಮು ಅಂತ ಎದೆ ಎಕ್ಸ್‌ರೇ ತೆಗೆಸಿದ್ವಿ. ಆಮೇಲೆ ನೋಡಿದ್ರೆ ಆಗಲೇ ಐದು ವಾರದ ಬಸುರಿ. ಇಲ್ಲೊಂದು ಕ್ಲಿನಿಕ್ಕಿನ ವೈದ್ಯರು ‘ರೇಡಿಯೇಷನ್ ಬಿದ್ದಿದೆ, ಮಗುಗೆ ಏನಾದ್ರೂ ಊನ ಆಗುತ್ತೆ, ತೆಗೆಸಿಬಿಡಿ’ ಅಂದ್ರು. ಮದುವೆಯಾಗಿ ಆರು ವರ್ಷಕ್ಕೆ ನಿಂತಿರೋದು. ಅತ್ತೆ ಊಟಾನೇ ಬಿಟ್ಟಿದ್ದಾರೆ.

ಉತ್ತರ (ರೇಡಿಯಾಲಜಿಸ್ಟ್, ಹಾಸನ): ಮೊದಲು ಅತ್ತೆಯವರಿಗೆ ಊಟ ಬಡಿಸಮ್ಮ. ಆ ಎಕ್ಸ್‌ರೇ ಕಾರಣಕ್ಕೆ ಗರ್ಭ ತೆಗೆಸುವ ಅಗತ್ಯ ಇಲ್ಲವೇ ಇಲ್ಲ.

ಕಿರಣ ಬಿದ್ದಿದ್ದು ಎದೆಗೆ. ಮೈಯೊಳಗೆ ಚದುರಿ ಗರ್ಭಕೋಶದವರೆಗೆ ಹೋಗೋದು 0.01 ಮಿಲಿಗ್ರೇಗಿಂತಲೂ (ಮೈ ಹೀರುವ ವಿಕಿರಣದ ಅಳತೆ) ಕಡಿಮೆ. ನೆಲದಿಂದ, ಆಕಾಶದಿಂದ ಬರುವ ಸಹಜ ವಿಕಿರಣವೇ ಒಂಬತ್ತು ತಿಂಗಳಲ್ಲಿ ಇದರ ಹತ್ತಾರು ಪಟ್ಟು ಆಗುತ್ತೆ, ಎಲ್ಲ ಬಸುರಿಯರಿಗೂ. ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ 2000ದಲ್ಲೇ ಹೇಳಿದೆ: ಭ್ರೂಣಕ್ಕೆ 100 ಮಿಲಿಗ್ರೇಗಿಂತ ಕಡಿಮೆ ತಗುಲಿದ್ದರೆ ಅದನ್ನೇ ನೆಪ ಮಾಡಿ ಗರ್ಭಪಾತ ಮಾಡಿಸೋದು ಸರಿಯಲ್ಲ. ಅಷ್ಟು ಆಗಬೇಕಾದರೆ ಇಂಥ ಹತ್ತು ಸಾವಿರ ಎಕ್ಸ್‌ರೇ ಬೇಕು.

ಈ ಗಲಾಟೆಯಲ್ಲಿ ಕೆಮ್ಮನ್ನೇ ಎಲ್ಲರೂ ಮರೆತ ಹಾಗಿದೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಟಿಬಿ ಇದ್ದು ಚಿಕಿತ್ಸೆ ಸಿಗದಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯ. ಕೆಮ್ಮಿಗೆ ನುಂಗಿದ ಮಾತ್ರೆಗಳ ಚೀಟಿಯನ್ನೂ ಹೆರಿಗೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಬೇಲೂರಿನಿಂದ): ಸಾರ್, ಸೀಸದ ಏಪ್ರನ್ ಹಾಕದೆ ತೆಗೆದಿದ್ರೆ?

ಉತ್ತರ: ಹೊಟ್ಟೆಗೆ ತಲುಪುವುದು ಬಹುಪಾಲು ಮೈಯೊಳಗೇ ಚದುರಿದ ಕಿರಣ. ಮೇಲೆ ಹೊದಿಸಿದ ಸೀಸ ಅದನ್ನು ತಡೆಯಲ್ಲ. ಹಾಗಾಗಿ ರೋಗಿಗಳಿಗೆ ಅದನ್ನು ವಾಡಿಕೆಯಾಗಿ ಹೊದಿಸೋದು ಬೇಡ ಅಂತ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲೇ ಹೇಳಿತು.

ಪ್ರಶ್ನೆ (ಅರಕಲಗೂಡಿನಿಂದ): ಇಷ್ಟು ಸರಳ ವಿಷಯ ಡಾಕ್ಟರಿಗೇ ಗೊತ್ತಿರಲ್ವಾ? ಆ ಹೆಣ್ಣುಮಗಳು ಮಾತು ಕೇಳಿ ತೆಗೆಸಿಬಿಟ್ಟಿದ್ರೆ ಹೊಣೆ ಯಾರದು?

ಉತ್ತರ: ಅನೇಕರಿಗೆ ಗೊತ್ತಿರಲ್ಲ, ಮುಚ್ಚಿಡೋದು ಏನಿದೆ. ಬ್ರಿಟನ್ನಿನಲ್ಲಿ 130 ವೈದ್ಯರನ್ನು ಕೇಳಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡೋಸ್ (ರೋಗಿಗೆ ತಗುಲುವ ವಿಕಿರಣದ ಪ್ರಮಾಣ) ಕುರಿತ ಉತ್ತರಗಳಲ್ಲಿ ಶೇ 97ರಷ್ಟು ನಿಜಕ್ಕಿಂತ ಕಡಿಮೆ ಅಂದಾಜು. ಅಲ್ಟ್ರಾಸೌಂಡಿನಲ್ಲಿ ಎಕ್ಸ್‌ರೇ ಥರದ ವಿಕಿರಣ ಇಲ್ಲ ಅನ್ನೋದೇ ಆರು ಜನಕ್ಕೆ ತಿಳಿದಿರಲಿಲ್ಲ! ಸಾಮಾನ್ಯ ಹೊಟ್ಟೆನೋವಿಗೂ ಸಿಟಿ ಸ್ಕ್ಯಾನ್ ಬರೆದುಕೊಡೋದು, ಬಸುರಿಯ ಎದೆ ಎಕ್ಸ್‌ರೇಗೆ ಬೆಚ್ಚಿಬೀಳೋದು, ಎರಡೂ ಒಂದೇ ಅಜ್ಞಾನ. ವಿಕಿರಣದ ಲೆಕ್ಕದಲ್ಲಿ ಹೊಟ್ಟೆಯ ಒಂದು ಸಿಟಿ ನೂರು ಎದೆ ಎಕ್ಸ್‌ರೇಗೆ ಕಡಿಮೆಯಿಲ್ಲ. ಅದನ್ನು ಬರೆಯುವಾಗ ಮಾತ್ರ ಯಾರ ಕೈಯೂ ನಡುಗಲ್ಲ.

ಹೆದರಿಕೆಯ ಬೆಲೆ ಗ್ರೀಸ್ ದೇಶ ಕಂಡಿದೆ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ಅಲ್ಲಿ ಭ್ರೂಣಗಳಿಗೆ ತಗುಲಿದ ವಿಕಿರಣ ತೀರಾ ಕಡಿಮೆ. ಆದರೂ ಬೇಕೆಂದೇ ಧರಿಸಿದ್ದ ಸುಮಾರು 2,500 ಬಸಿರುಗಳನ್ನು ತೆಗೆಸಿದರು ಎಂದು ಮರುವರ್ಷ ಅಲ್ಲಿನ ಸಂಶೋಧಕರು ಅಂದಾಜು ಮಾಡಿದರು.

ಕಾನೂನಿನ ಮಾತು: ದುಡ್ಡು ಕೊಟ್ಟು ಪಡೆದ ಚಿಕಿತ್ಸೆ, ಸಲಹೆ ಗ್ರಾಹಕ ಕಾನೂನಿನೊಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿದೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಸಣ್ಣಪುಟ್ಟ ಲೋಪಕ್ಕೆ ಕ್ರಿಮಿನಲ್ ಕೇಸ್ ಹಾಕುವಂತಿಲ್ಲ, ಅದು 2005ರ ತೀರ್ಪು. ನನ್ನ ಅಭಿಪ್ರಾಯ ಕೇಳಿದರೆ, ಗೊತ್ತಿಲ್ಲದಿರೋದು ದೊಡ್ಡ ತಪ್ಪಲ್ಲ. ಒಬ್ಬ ರೇಡಿಯಾಲಜಿಸ್ಟಿಗೆ ಫೋನ್ ಕೂಡ ಮಾಡದೆ ‘ತೆಗೆಸಿಬಿಡಿ’ ಅಂದಿದ್ದಕ್ಕೆ ಕ್ಷಮೆ ಇಲ್ಲ.

ಪ್ರಶ್ನೆ (ಸಕಲೇಶಪುರದಿಂದ): ಆ ಡಾಕ್ಟ್ರ ಮೇಲೆ ಈಗ ದೂರು ಕೊಡಬೇಕಾ?

ಉತ್ತರ: ಗರ್ಭ ಉಳಿದಿರುವಾಗ ಪರಿಹಾರದ ಕೇಸ್ ನಿಲ್ಲೋದು ಕಷ್ಟ. ಅವರ ಹತ್ತಿರ ಹೋಗಿ, ‘ಮಗುಗೆ ಎಷ್ಟು ಡೋಸ್ ಬಿದ್ದಿದೆ, ಯಾಕೆ ತೆಗೆಸಬೇಕು, ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ’ ಅಂತ ಮರ್ಯಾದೆಯಿಂದಲೇ ಕೇಳಿ. ಬರೆದುಕೊಟ್ಟರೆ ಇಲ್ಲಿ ಹಾಕಿ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡೋದಾದ್ರೆ ಆ ಚೀಟಿಯೇ ಆಧಾರ.