ತುಟಿ ಒಂದ್ಕಡೆ, ಮಾತು ಒಂದ್ಕಡೆ

"ನಿನ್ನೆ ಮಗ ಸಿನಿಮಾಕ್ಕೆ ಕರ್ಕೊಂಡ್ಹೋಗಿದ್ದ. ಪ್ಯಾನ್ ಇಂಡಿಯಾ ಅಂತೆ" ಅಂದ ಗುಂಡಣ್ಣ. ಅರಸೀಕೆರೆ ಸ್ಟೇಷನ್ ಹತ್ತಿರದ ಹೋಟೆಲಿನ ಬೆಂಚು. ಕಾಫಿ ನೊರೆ ಅಷ್ಟೂ ಅವನ ಮೀಸೆ ಮೇಲೆ.

"ಹೆಂಗಿತ್ತು?"

"ಹೀರೋ ಅಪ್ಪ ಮುಂಬೈಯವನು, ಮಾವ ಹೈದರಾಬಾದಿನವನು, ವಿಲನ್ನು ಕೇರಳದವನು. ಮಧ್ಯದಲ್ಲಿ ಸಾಯೋ ಚಿಕ್ಕಪ್ಪನೂ ಹೊರಗಿನವನೇ."

"ಆ ಚಿಕ್ಕಪ್ಪ ಒಬ್ಬ ಪರವಾಗಿಲ್ಲ, ಸತ್ತ ಮೇಲಾದ್ರೂ ತುಟಿ ಸರಿಯಾಗಿ ಕೂಡಿಸಿದ" ಅಂದ್ರು ಮೇಷ್ಟ್ರು.

ಎಲ್ಲರೂ ನಕ್ಕರು. ರಂಗಪ್ಪ ಎಂದಿನಂತೆ ಒಂದು ಗುಟುಕು ತಡವಾಗಿ ನಕ್ಕ.

"ಡಬ್ಬಿಂಗಲ್ಲಿ ಎಲ್ಲಾ ಸರಿ ಮಾಡ್ತಾರೆ ಬಿಡಿ ಮೇಷ್ಟ್ರೇ" ಅಂದ ಪುಟ್ರಾಜ.

"ಏನ್ ಸರಿ ಮಾಡ್ತಾರೆ? ‘ಅಪ್ಪಾ’ ಅಂತ ಕೇಳಿಸ್ತದೆ, ತುಟಿ ಹಂಗೇ ತೆರ್ಕೊಂಡಿರ್ತದೆ. ತುಟಿ ಕೂಡಿಸದೆ ‘ಅಪ್ಪಾ’ ಅನ್ನಯ್ಯ, ನೋಡೋಣ."

ಪುಟ್ರಾಜ ಬಾಯಿ ತೆರೆದು ಹೆಣಗಾಡಿದ. "ಅಕ್ಕಾ" ಅಂತ ಬಂತು. ಪಕ್ಕದ ಬೆಂಚಿನವನೂ ಮೆಲ್ಲಗೆ ಪ್ರಯತ್ನ ಮಾಡಿ, ಯಾರೂ ನೋಡಲಿಲ್ಲ ತಾನೇ ಅಂತ ಸುತ್ತ ನೋಡಿದ.

"ನಟ ಬಾಲಣ್ಣ, ಅದೇ ಟಿ.ಎನ್. ಬಾಲಕೃಷ್ಣ, ಹುಟ್ಟಿದ್ದು 1911ರಲ್ಲಿ, ಇದೇ ಊರಲ್ಲಿ" ಅಂದ್ರು ಮೇಷ್ಟ್ರು. " ಕಿವಿ ಕೇಳ್ತಿರಲಿಲ್ಲ. ಎದುರಿನವರ ತುಟಿ ನೋಡ್ಕೊಂಡೇ ನಾಟಕ ಆಡಿದ್ರು, ಐನೂರಕ್ಕೂ ಮೇಲೆ ಸಿನಿಮಾ ಮಾಡಿದ್ರು. ಬಂಗಾರದ ಮನುಷ್ಯದ ರಾಚೂಟಪ್ಪನ್ನ ನೋಡಿ, ಒಂದು ಮಾತಾದ್ರೂ ಹಿಂದೆ ಮುಂದೆ ಆಗಿದ್ಯಾ?"

"ಈಗಿನ ಅಪ್ಪ-ಮಾವಂದಿರ ಎದುರು ಅವರನ್ನ ನಿಲ್ಲಿಸಿದ್ರೆ?"

"ಇವರು ಮಾತು ಬರದೆ ಕ್ಯಾಮೆರಾ ಮುಂದೆ ಒನ್ ಟೂ ತ್ರೀ ಫೋರ್ ಅಂತಾರಂತಲ್ಲ! ‘ಮಗಳ ಮದುವೆ ಮಾತಾಡೋಕೆ ಬಂದು ತೆಂಗಿನಕಾಯಿ ಎಣಿಸ್ತಾನಲ್ಲ ಈ ಮನುಷ್ಯ’ ಅಂದ್ಕೊಳ್ತಿದ್ರು ಬಾಲಣ್ಣ."

"ಎದುರಿನವನು ಬೆನ್ನು ತಿರುಗಿಸಿಬಿಟ್ರೆ?"

"ಅವನ ಮಾತೂ ಬಾಲಣ್ಣನಿಗೆ ಬಾಯಿಪಾಠ ಆಗಿರ್ತಿತ್ತೇನೋ. ಈಗಿನವರಿಗೆ ಅವರವರ ಮಾತೇ ಗೊತ್ತಿಲ್ಲ."

ಗುಂಡಣ್ಣ ಏನೋ ಗೊಣಗಿದ. ತಿಪಟೂರಿನ ನರಸಿಂಹರಾಜು ಮುಂದೆ ಯಾರೂ ಇಲ್ಲ ಅಂತ ಇರಬೇಕು. ಅವನ ಹೆಂಡತಿ ತವರು ತಿಪಟೂರು. ಮಾತು ಕೊಬ್ಬರಿ ರೇಟಿಗೆ ಹೋಗಿ ಒಂದು ಸುತ್ತು ಹಾಕಿಕೊಂಡು ಬಂತು.

"ಜಗಳ ಯಾಕಯ್ಯ? ಆ ಇಬ್ರೂ ರಾಜ್‌ಕುಮಾರ್, ಜಿ.ವಿ. ಅಯ್ಯರ್ ಜತೆ ಸೇರಿ ಊರೂರಲ್ಲಿ ನಾಟಕ ಆಡಿದ್ರು. 1960ರಲ್ಲಿ ರಣಧೀರ ಕಂಠೀರವ ತೆಗೆದ್ರು. ಆಗ ಯಾಕೆ ಗೊತ್ತಾ? ನಮ್ಮ ಕಲಾವಿದರಿಗೆ ಕೆಲಸ ಇರಲಿಲ್ಲ" ಅಂದ್ರು ಮೇಷ್ಟ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಮೇಲೆ ಬಾಲಣ್ಣ ಅಭಿಮಾನ್ ಸ್ಟುಡಿಯೋ ಕಟ್ಟಿದ್ರು, ದುಡಿದಿದ್ದೆಲ್ಲ ಅದಕ್ಕೇ ಸುರಿದ್ರು. ಈಗ ಆ ಹೆಸರು ಎತ್ತಿದ್ರೆ ಜನಕ್ಕೆ ವಿಷ್ಣುವರ್ಧನ್ ನೆನಪಾಗ್ತಾರೆ, ಕಟ್ಟಿದವರಲ್ಲ" ಅಂದ್ರು.

ರಂಗಪ್ಪ ಮೇಷ್ಟ್ರ ಬಾಯನ್ನೇ ನೋಡುತ್ತಿದ್ದ. ಪುಟ್ರಾಜನಿಗೆ ಅನುಮಾನ ಬಂತು. "ರಂಗಣ್ಣ, ಕಿವಿ ಮಿಷನ್ ಎಲ್ಲಿ?"

"ಜೇಬಲ್ಲಿ. ಹಾಕ್ಕೊಂಡ್ರೆ ನಿಮ್ಮ ಮಾತಿಗಿಂತ ರೈಲೇ ಜಾಸ್ತಿ ಕೇಳ್ತದೆ."

"ಮತ್ತೆ ಇಷ್ಟು ದಿನ ನಗ್ತಿದ್ದದ್ದು?"

"ತುಟಿ ನೋಡ್ಕೊಂಡು. ಕೊರೊನಾದಲ್ಲಿ ಎಲ್ಲರೂ ಮಾಸ್ಕ್ ಹಾಕ್ಕೊಂಡ್ರಲ್ಲ, ಅವಾಗ ಬಹಳ ಕಷ್ಟ ಆಯ್ತು. ಮಾಸ್ಕ್ ತೆಗೆದ್ರಿ, ಸದ್ಯ ಅಂದ್ಕೊಂಡೆ. ಅಷ್ಟೊತ್ತಿಗೆ ಗುಂಡಣ್ಣ ಈ ಮೀಸೆ ಬಿಟ್ಟ. ಅಲ್ಲಿಂದ ಇವನು ಆಡಿದ್ದು ಒಂದೂ ಗೊತ್ತಾಗಿಲ್ಲ."

"ನಿನಗೇನೂ ನಷ್ಟ ಆಗಿಲ್ಲ ಬಿಡು" ಅಂದ್ರು ಮೇಷ್ಟ್ರು.

ಈ ಸಲ ರಂಗಪ್ಪನೇ ಮೊದಲು ನಕ್ಕ. ಗುಂಡಣ್ಣ ಮಾತ್ರ ನಗಲಿಲ್ಲ. ಎರಡು ಬೆರಳಲ್ಲಿ ಮೀಸೆ ಮೇಲಕ್ಕೆತ್ತಿ ಹಿಡಿದು, ರಂಗಪ್ಪನ ಎದುರಿಗೆ ಬಾಗಿ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದ:

"ಇನ್ನೊಂದು ಕಾಫಿ ಕುಡೀತೀಯೇನಯ್ಯ?"